ಜಾಲದಂಗಡಿಯನ್ನು ಕಟ್ಟುವ ವಿದ್ಯೆ



ಮನೆಯ ಹೊಸ್ತಿಲನ್ನು ದಾಟದೆ, ವ್ಯಾಪಾರಿಯ ಮುಖವನ್ನು ನೋಡದೆ, ಸರಕನ್ನು ಕೈಯಲ್ಲಿ ಹಿಡಿದು ಪರೀಕ್ಷಿಸದೆ, ಬೇಕಾದ ವಸ್ತುವನ್ನು ಆರಿಸಿ, ಹಣವನ್ನು ತೆತ್ತು, ಅದು ಹೇಳಿದ ದಿನಕ್ಕೆ ಬಾಗಿಲಿಗೆ ಬರುವುದೆಂದು ನಿಶ್ಚಿಂತರಾಗಿರುವ ಅಭ್ಯಾಸವು ಇಂದು ನಮ್ಮ ನಾಡಿನ ನಗರಗಳಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದರ ಹಿಂದೆ ಇರುವ ವಿದ್ಯೆ ಯಾವುದು, ಆ ವಿದ್ಯೆಯನ್ನು ಅಭ್ಯಾಸ ಮಾಡುವವರು ನಿಜವಾಗಿ ಏನನ್ನು ಕಲಿಯಬೇಕಾಗಿದೆ ಎಂಬ ಪ್ರಶ್ನೆಯೇ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಏಳುವುದಿಲ್ಲ. ಆ ವಿದ್ಯೆಯ ಒಂದು ಶಾಖೆಯನ್ನು, ಎಂದರೆ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಸಹಾಯದಿಂದಲೂ ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮದಿಂದಲೂ ಜಾಲದಂಗಡಿಯನ್ನು ಕಟ್ಟುವ ಬಗೆಯನ್ನು, ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ. ಕಲಿಯಬಯಸುವ ತರುಣ ತರುಣಿಯರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನಾದರೂ, ಕೊಳ್ಳುವವರಾದ ನಾವೆಲ್ಲರೂ ತಿಳಿದಿರತಕ್ಕ ಸಂಗತಿಗಳೂ ಇದರಲ್ಲಿ ಉಂಟು. ಏಕೆಂದರೆ ಆ ಅಂಗಡಿಯನ್ನು ಕಟ್ಟಿದವರು ಎಷ್ಟು ಎಚ್ಚರದಿಂದ ಕಟ್ಟಿದ್ದಾರೆಂಬುದರ ಮೇಲೆಯೇ ನಮ್ಮ ಹಣದ ಕ್ಷೇಮವು ನಿಂತಿದೆ.

ದೂರದಿಂದ ಕೊಳ್ಳುವ ಯೋಚನೆಯು ಇಂಟರ್ನೆಟ್ಟಿನ ಪ್ರಸಾರಕ್ಕಿಂತ ಹಿಂದಿನದು. 1979ರಲ್ಲಿ ಇಂಗ್ಲೆಂಡಿನ ಮೈಕೇಲ್ ಆಲ್ಡ್ರಿಚ್ ಎಂಬವರು ಮನೆಯ ಟೆಲಿವಿಷನ್ ಪೆಟ್ಟಿಗೆಯನ್ನು ಟೆಲಿಫೋನ್ ತಂತಿಯ ಮೂಲಕ ವ್ಯವಹಾರ ನಡೆಸುವ ಕಂಪ್ಯೂಟರಿಗೆ ಜೋಡಿಸಿ ತೋರಿಸಿದರು; 1984ರಲ್ಲಿ ಗೇಟ್ಸ್‌ಹೆಡ್ ಎಂಬ ಊರಿನ ಜೇನ್ ಸ್ನೋಬಾಲ್ ಎಂಬ 72 ವರ್ಷದ ಮಹಿಳೆ ಇದೇ ಬಗೆಯ ಏರ್ಪಾಟಿನಿಂದ, ತಮ್ಮ ಕುರ್ಚಿಯಿಂದ ಏಳದೆ, ಟೆಸ್ಕೋ ಅಂಗಡಿಯಿಂದ ಮೊಟ್ಟೆ, ಮಾರ್ಗರೀನು ಮತ್ತು ಕಾರ್ನ್‌ಫ್ಲೇಕ್ಸ್ ತರಿಸಿಕೊಂಡರು. ಅಲ್ಲಿ ಗ್ರಾಹಕರ ಮನೆಗೂ ಕಂಪ್ಯೂಟರಿಗೂ ನಡುವಣ ಟೆಲಿಫೋನ್ ಸಂಪರ್ಕವು ವ್ಯವಹಾರ ಮುಗಿಯುವ ತನಕ ಕಡಿಯದೆ ನಡೆಯುತ್ತಿತ್ತು. ಆದ್ದರಿಂದ ತಾನು ಯಾರೊಡನೆ ವ್ಯವಹರಿಸುತ್ತಿದ್ದೇನೆಂಬ ವಿಷಯದಲ್ಲಿ ಯಂತ್ರಕ್ಕೆ ಸಂದೇಹ ಬರಲು ಕಾರಣವಿರಲಿಲ್ಲ.

ಜಾಗತಿಕ ಜಾಲದ ರೀತಿ ಬೇರೆ. ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿದುದು ವಿಜ್ಞಾನಿಗಳು ತಮ್ಮ ಬರಹಗಳನ್ನು ಪರಸ್ಪರ ಓದಿಕೊಳ್ಳಲೆಂದು; ಓದುವವರು ಪುಟವನ್ನು ಕೇಳಿದರು, ಪುಟವಿದ್ದ ಕಂಪ್ಯೂಟರು, ಎಂದರೆ ಸರ್ವರು, ಅದನ್ನು ಕೊಟ್ಟಿತು, ಅಲ್ಲಿಗೆ ಆ ಸಂಬಂಧ ಮುಗಿಯಿತು. ಎಚ್‌ಟಿಟಿಪಿ ಎಂಬ ಆ ಸಂವಹನ ನಿಯಮದಲ್ಲಿ ಪ್ರತಿಯೊಂದು ಕೋರಿಕೆಯೂ ಸ್ವತಂತ್ರವಾದುದು. ಎರಡನೆಯ ಕೋರಿಕೆ ಬಂದಾಗ, ಮೊದಲನೆಯದನ್ನು ಕಳುಹಿಸಿದವರೂ ಇವರೇ ಎಂಬ ಸ್ಮೃತಿಯು ಸರ್ವರಿಗೆ ಇರಬೇಕಾದ ನಿಯಮವಿಲ್ಲ. ಓದುವುದಕ್ಕೆ ಇದರಿಂದ ಯಾವ ಬಾಧಕವೂ ಇಲ್ಲ. ವ್ಯಾಪಾರಕ್ಕೆ ಮಾತ್ರ ಇದು ಬುಡಮಟ್ಟದ ತೊಡಕು. ಊರಿನ ದಿನಸಿ ಅಂಗಡಿಯಲ್ಲಿ ನೀವು ಮೊದಲು ಅಕ್ಕಿಯನ್ನು, ಆಮೇಲೆ ತೊಗರಿಬೇಳೆಯನ್ನು, ಮತ್ತೆ ನೆನಪು ಮಾಡಿಕೊಂಡು ಬೆಲ್ಲವನ್ನು ಹೇಳುತ್ತ ಹೋದರೆ ಶೆಟ್ಟರು ಒಂದೇ ಚೀಟಿಯಲ್ಲಿ ಬರೆದುಕೊಂಡು ಕೊನೆಗೆ ಮೊತ್ತ ಹಾಕುತ್ತಾರೆ, ಉದ್ದರಿಯಾದರೆ ಅದನ್ನು ನಿಮ್ಮ ಹೆಸರಿನ ಖಾತೆಗೆ ಏರಿಸುತ್ತಾರೆ. ಅಕ್ಕಿಯನ್ನು ಅಳೆದುಕೊಟ್ಟ ಮರುಕ್ಷಣವೇ ನಿಮ್ಮನ್ನು ಮರೆತು, ಬೇಳೆಯನ್ನು ಕೇಳಿದಾಗ ತಾವು ಯಾರೆಂದು ಮತ್ತೆ ವಿಚಾರಿಸುವ ಶೆಟ್ಟರನ್ನು ಕಲ್ಪಿಸಿಕೊಂಡರೆ ಜಾಲದಲ್ಲಿ ಅಂಗಡಿಯಿಡಲು ಹೊರಟವರ ಮೊದಲ ಕಷ್ಟವು ಎಂಥದೆಂದು ತಿಳಿಯುತ್ತದೆ. ಮರೆಯುವುದೇ ಸ್ವಭಾವವಾದ ಮಾಧ್ಯಮದಲ್ಲಿ ಯಾರ ಲೆಕ್ಕವು ಯಾರದೆಂಬುದನ್ನು ತಪ್ಪದೆ ಕಾಯುವುದು, ಇದೇ ಜಾಲದಂಗಡಿಯ ವಿದ್ಯೆಯ ತಿರುಳು; ಪುಟಗಳ ಬಣ್ಣ, ಚಿತ್ರಗಳ ಸೊಗಸು, ಓಡುವ ಅಕ್ಷರಗಳು, ಇವೆಲ್ಲವೂ ಇದಾದ ಮೇಲಿನ ಮಾತು.

ಈ ಮರೆವಿಗೆ ಮೊದಲ ಪರಿಹಾರವನ್ನು ಸೂಚಿಸಿದವರು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲ್ಲಿ. 1994ರಲ್ಲಿ ಜಾಲದಂಗಡಿಯೊಂದರ ಕಾರ್ಟಿನಲ್ಲಿ, ಎಂದರೆ ಗ್ರಾಹಕರು ಆರಿಸಿಟ್ಟ ವಸ್ತುಗಳ ಬುಟ್ಟಿಯಲ್ಲಿ, ಇರುವ ಸರಕುಗಳ ನೆನಪನ್ನು ಉಳಿಸುವ ಅಗತ್ಯ ಬಿದ್ದಾಗ ಅವರು ರೂಪಿಸಿದ ಕುಕಿ ಎಂಬ ಪುಟ್ಟ ಗುರುತುಚೀಟಿಯನ್ನು ಸರ್ವರು ಗ್ರಾಹಕರ ಬ್ರೌಸರಿಗೆ ಕೊಟ್ಟಿರುತ್ತದೆ, ಬ್ರೌಸರು ಪ್ರತಿಯೊಂದು ಕೋರಿಕೆಯ ಸಂಗಡಲೂ ಅದನ್ನು ಹಿಂದಕ್ಕೆ ತೋರಿಸುತ್ತದೆ. ಜಾವಾ ಭಾಷೆಯ ಸರ್ವರುಗಳಲ್ಲಿ ಈ ಗುರುತಿಗೆ ಜೆ-ಸೆಷನ್-ಐಡಿ ಎಂದು ಹೆಸರು. ಊಹಿಸಲು ಆಗದಂತೆ ಉದ್ದವಾಗಿಯೂ ಕ್ರಮರಹಿತವಾಗಿಯೂ ರಚಿಸಲ್ಪಟ್ಟ ಆ ಸಂಕೇತವು ಬ್ರೌಸರಿನ ಕೈಯಲ್ಲಿರುತ್ತದೆ. ಆ ಸಂಕೇತಕ್ಕೆ ಸಲ್ಲುವ ಕಾರ್ಟು ಮಾತ್ರ ಸೆಷನ್ ಎಂಬ ಹೆಸರಿನಿಂದ ಸರ್ವರಿನ ಸ್ಮೃತಿಯಲ್ಲಿಯೇ ಇರುತ್ತದೆ. ಟಾಮ್‌ಕ್ಯಾಟ್ ಎಂಬ ಪ್ರಸಿದ್ಧವಾದ ಸರ್ವರಿನಲ್ಲಿ, ನಾವು ಬೇರೆ ಏನನ್ನೂ ವಿಧಿಸದಿದ್ದರೆ, 30 ನಿಮಿಷಗಳ ಕಾಲ ಗ್ರಾಹಕರಿಂದ ಯಾವ ಕೋರಿಕೆಯೂ ಬಾರದಿದ್ದಲ್ಲಿ ಈ ಸೆಷನ್ ಅಳಿದುಹೋಗುತ್ತದೆ. ಊಟಕ್ಕೆಂದು ಎದ್ದುಹೋದ ಗ್ರಾಹಕರು ಮರಳಿ ಬಂದಾಗ ಕಾರ್ಟು ಬರಿದಾಗಿದ್ದರೆ ಅದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹೀಗಾಗದಂತೆ ಮಾಡಬೇಕಾದರೆ ಕಾರ್ಟನ್ನು ಡೇಟಾಬೇಸಿನಲ್ಲಿಯೂ ಬರೆದಿಡತಕ್ಕದ್ದು.

ಜಾವಾ ಭಾಷೆಯ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು 1991ರಲ್ಲಿ ಮನೆಬಳಕೆಯ ವಿದ್ಯುನ್ಮಾನ ಉಪಕರಣಗಳಿಗಾಗಿ ಆರಂಭಿಸಿದ ಕಾರ್ಯದಿಂದ ಹುಟ್ಟಿದ ಈ ಭಾಷೆಯು 1995ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಸರ್ವರಿನಲ್ಲಿ ಕುಳಿತು ಗ್ರಾಹಕರ ಕೋರಿಕೆಗಳಿಗೆ ಉತ್ತರ ಕೊಡುವ ಸರ್ವ್‌ಲೆಟ್ ಎಂಬ ಜಾವಾ ಕಾರ್ಯಕ್ರಮಗಳು 1997ರಲ್ಲಿಯೂ, ಪುಟದ ರೂಪವನ್ನು ಸುಲಭವಾಗಿ ಬರೆಯಲು ಅನುಕೂಲಿಸುವ ಜೆಎಸ್‌ಪಿ 1999ರಲ್ಲಿಯೂ ಬಂದುವು. ಅದೇ ವರ್ಷದ ಡಿಸೆಂಬರಿನಲ್ಲಿ ಇವೆಲ್ಲವನ್ನೂ ಒಂದು ವ್ಯವಸ್ಥೆಗೆ ತಂದ ಜೆ-ಟು-ಇಇ ಪ್ರಕಟವಾಯಿತು. ಇಷ್ಟು ಸಾಕು. ಕಲಿಯುವವರಿಗೆ ಈ ತಾರೀಖುಗಳಿಗಿಂತ ಸರ್ವ್‌ಲೆಟ್ಟಿನ ಒಂದು ಸ್ವಭಾವವು ಹೆಚ್ಚು ಮುಖ್ಯ. ಅಲ್ಲಿ ಸ್ವಲ್ಪ ನಿಂತು ನೋಡೋಣ.

ಸರ್ವ್‌ಲೆಟ್ ಎಂಬುದು ಸಾಮಾನ್ಯವಾಗಿ ಸರ್ವರಿನೊಳಗೆ ಒಂದೇ ಪ್ರತಿಯಾಗಿ ಹುಟ್ಟಿ, ಬರುವ ಗ್ರಾಹಕರು ಹತ್ತು ಮಂದಿಯಿರಲಿ ಹತ್ತು ಸಾವಿರ ಮಂದಿಯಿರಲಿ, ಆ ಒಂದೇ ಪ್ರತಿಯಿಂದ ಎಲ್ಲರಿಗೂ ಉತ್ತರ ಕೊಡುತ್ತದೆ. ಪ್ರತಿಯೊಂದು ಕೋರಿಕೆಗೂ ಒಂದೊಂದು ಥ್ರೆಡ್, ಎಂದರೆ ಕಾರ್ಯದ ಒಂದೊಂದು ಎಳೆ, ಆ ಪ್ರತಿಯೊಳಗೆ ಏಕಕಾಲದಲ್ಲಿ ಸಂಚರಿಸುತ್ತಿರುತ್ತದೆ. ಒಮ್ಮೆ ಪ್ರಯೋಗಶಾಲೆಯಲ್ಲಿ ಪುಸ್ತಕದಂಗಡಿಯೊಂದನ್ನು ಅಂದವಾಗಿ ಕಟ್ಟಿ ಮುಗಿಸಿದ್ದ ವಿದ್ಯಾರ್ಥಿನಿಯೊಬ್ಬಳು, ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತಿದ್ದ ಗೆಳತಿಗೆ "ನೀನೂ ಒಂದು ಸಲ ಕೊಂಡು ನೋಡೇ" ಎಂದಳು. ಗೆಳತಿ ಒಂದು ನಿಘಂಟನ್ನು ಕಾರ್ಟಿಗೆ ಹಾಕಿದಳು. ಇವಳು ತನ್ನ ಪುಟವನ್ನು ರಿಫ್ರೆಶ್ ಮಾಡಿದೊಡನೆ ಆ ನಿಘಂಟು ಇವಳ ಬಿಲ್ಲಿನಲ್ಲಿ, ಇವಳ ಮೊತ್ತದೊಳಗೆ ಸೇರಿಕೊಂಡು ಕಾಣಿಸಿತು. "ಇದು ನಾನು ಹಾಕಿದ್ದಲ್ಲ ಸರ್, ಎಲ್ಲಿಂದ ಬಂತೋ ಗೊತ್ತಿಲ್ಲ" ಎಂದು ಆಕೆ ಗಾಬರಿಯಾದಳು. ಕಾರಣವು ಒಂದೇ ಸಾಲಿನಲ್ಲಿತ್ತು: ಕಾರ್ಟನ್ನು ಸೆಷನ್ನಿನೊಳಗೆ ಇಡುವುದಕ್ಕೆ ಬದಲು ಆಕೆ ಅದನ್ನು ಸರ್ವ್‌ಲೆಟ್ಟಿನ ಸ್ವಂತ ಚರಾಂಶವಾಗಿ, ಕ್ಲಾಸಿನ ಮೇಲ್ಭಾಗದಲ್ಲಿ ಘೋಷಿಸಿದ್ದಳು, ಸರ್ವ್‌ಲೆಟ್ ಒಂದೇ ಆದ್ದರಿಂದ ಲೋಕಕ್ಕೆಲ್ಲ ಕಾರ್ಟೂ ಒಂದೇ ಆಗಿತ್ತು.

ಒಬ್ಬಳೇ ಕುಳಿತು ಪರೀಕ್ಷಿಸುತ್ತಿದ್ದಷ್ಟು ದಿನವೂ ಆ ಅಂಗಡಿ ನಿರ್ದುಷ್ಟವಾಗಿ ನಡೆದಿತ್ತೆಂಬುದನ್ನು ಕಲಿಯುವವರು ಗಮನಿಸಬೇಕು. ಇಂಥ ದೋಷವು ಕಾರ್ಯಕ್ರಮವನ್ನು ಯಂತ್ರಕ್ಕೆ ಒಪ್ಪುವ ರೂಪಕ್ಕೆ ತಿರುಗಿಸುವ ಕಂಪೈಲರಿಗೆ ಕಾಣುವುದಿಲ್ಲ, ಒಬ್ಬ ಗ್ರಾಹಕರಿಗೆ ಕಾಣುವುದಿಲ್ಲ. ಇಬ್ಬರು ಏಕಕಾಲದಲ್ಲಿ ಬಂದಾಗಲೇ ಅದು ತಲೆಯೆತ್ತುವುದು. ಆದಕಾರಣ ಜಾಲದಂಗಡಿಯ ಮೊದಲ ಪಾಠದ ದಿನದಿಂದಲೇ ಎರಡು ಬೇರೆ ಬೇರೆ ಬ್ರೌಸರುಗಳನ್ನು ತೆರೆದಿಟ್ಟುಕೊಂಡು, ಇಬ್ಬರು ಗ್ರಾಹಕರ ವೇಷದಲ್ಲಿ ಕೊಳ್ಳುತ್ತ ಕಲಿಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಪಠ್ಯಪುಸ್ತಕಗಳಲ್ಲಿ ಥ್ರೆಡ್ಡುಗಳ ಅಧ್ಯಾಯವು ಕೊನೆಯ ಭಾಗದಲ್ಲಿ, ಪರೀಕ್ಷೆ ಸಮೀಪಿಸಿ ಯಾರೂ ಓದಲಾರದ ಸ್ಥಳದಲ್ಲಿ ಇರುವುದುಂಟು. ಅಂಗಡಿ ಕಟ್ಟುವವರಿಗೆ ಅದು ಮೊದಲನೆಯ ಅಧ್ಯಾಯವಾಗಬೇಕಾಗಿತ್ತು.

ಇನ್ನು ಎಕ್ಸ್‌ಎಂಎಲ್. ಕಾನೂನು ಕಚೇರಿಗಳ ದಸ್ತಾವೇಜುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಸಲುವಾಗಿ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1969ರ ಸುಮಾರಿಗೆ ತೊಡಗಿದ ಯತ್ನವು ಬೆಳೆದು, 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಗಿ, ಅದನ್ನು ಜಾಲಕ್ಕೆ ಒಗ್ಗುವಂತೆ ಸರಳಗೊಳಿಸಿದಾಗ 1998ರ ಫೆಬ್ರವರಿ 10ರಂದು ಎಕ್ಸ್‌ಎಂಎಲ್ ಆಗಿ ಪ್ರಕಟವಾಯಿತು. ಇದು ಲೆಕ್ಕ ಮಾಡುವ ಭಾಷೆಯಲ್ಲ. ಇರುವುದನ್ನು ಹೆಸರಿಟ್ಟು ಹೇಳುವ ಕ್ರಮ. ಇಳಕಲ್ ಸೀರೆಯೊಂದನ್ನು ಅಂಗಡಿಯ ಪಟ್ಟಿಯಲ್ಲಿ ಸೇರಿಸಬೇಕಾದರೆ, ಕೋನಾವರಣದೊಳಗೆ ಸರಕು ಎಂದು ಆರಂಭಿಸಿ, ಅದರೊಳಗೆ ಹೆಸರು ಎಂಬ ಗುರುತಿನ ನಡುವೆ ಇಳಕಲ್ ಸೀರೆಯೆಂದೂ, ಬೆಲೆ ಎಂಬ ಗುರುತಿನ ನಡುವೆ 2450.00 ಎಂದೂ, ದಾಸ್ತಾನು ಎಂಬ ಗುರುತಿನ ನಡುವೆ 12 ಎಂದೂ ಬರೆದು, ತೆರೆದ ಪ್ರತಿಯೊಂದು ಗುರುತನ್ನೂ ತೆರೆದುದಕ್ಕೆ ವಿಲೋಮ ಕ್ರಮದಲ್ಲಿ ಮುಚ್ಚಬೇಕು. ಈ ಗುರುತುಗಳ ಹೆಸರು ಕನ್ನಡದಲ್ಲಿಯೇ ಇರಬಹುದೆಂಬುದನ್ನು ಒತ್ತಿ ಹೇಳುತ್ತೇನೆ. ಎಕ್ಸ್‌ಎಂಎಲ್ ಹುಟ್ಟುವಾಗಲೇ ಯುನಿಕೋಡ್ ಲಿಪಿಸಂಕೇತವನ್ನು ಆಧಾರವಾಗಿ ಇಟ್ಟುಕೊಂಡಿತು. ಜಾವಾ ಸಹ ಹಾಗೆಯೇ. ಜಾವಾ ಕಾರ್ಯಕ್ರಮದ ಚರಾಂಶವೊಂದಕ್ಕೆ ಮೊತ್ತ ಎಂದು ಕನ್ನಡ ಅಕ್ಷರಗಳಲ್ಲಿ ಹೆಸರಿಟ್ಟರೆ ಕಂಪೈಲರು ಅದನ್ನು ಅಂಗೀಕರಿಸುತ್ತದೆ. ನಮ್ಮ ಶಾಲೆಗಳಲ್ಲಿ ಇದನ್ನು ಮಾಡಿ ತೋರಿಸುವವರು ಬಹಳ ವಿರಳವೆಂಬುದು ಖೇದದ ಸಂಗತಿ.

ಎಕ್ಸ್‌ಎಂಎಲ್‌ನ ನಿಷ್ಠುರತೆಯನ್ನು ಕುರಿತು ಕಲಿಯುವವರು ಮೊದಮೊದಲು ಗೊಣಗುವುದುಂಟು. ಒಂದು ಗುರುತನ್ನು ಮುಚ್ಚಲು ಮರೆತರೆ, ಅಥವಾ ಸರಕಿನ ವಿವರಣೆಯಲ್ಲಿ ಮತ್ತು ಎಂಬುದಕ್ಕೆ ಬದಲಾಗಿ ಆಂಪರ್ಸ್ಯಾಂಡ್ ಚಿಹ್ನೆಯನ್ನು ಹಾಗೆಯೇ ಬರೆದುಬಿಟ್ಟರೆ, ದಸ್ತಾವೇಜನ್ನು ಓದುವ ಪಾರ್ಸರು ತಾನೇ ಊಹಿಸಿ ಸರಿಪಡಿಸಲು ಹೋಗದೆ ಇಡೀ ದಸ್ತಾವೇಜನ್ನು ತಿರಸ್ಕರಿಸುತ್ತದೆ. ಬ್ರೌಸರುಗಳಾದರೋ ತಪ್ಪುತಪ್ಪಾಗಿ ಬರೆದ ಎಚ್‌ಟಿಎಂಎಲ್ ಪುಟವನ್ನೂ ಹೇಗೋ ಹೊಂದಿಸಿ ತೋರಿಸುತ್ತವೆ. ಓದುವ ಪುಟದಲ್ಲಿ ಆ ಔದಾರ್ಯವು ಸೈರಿಸತಕ್ಕದ್ದೇ. ಆದರೆ ಖರೀದಿಯ ಆದೇಶದಲ್ಲಿ ಪ್ರಮಾಣವು 1 ಆಗಿತ್ತೋ 10 ಆಗಿತ್ತೋ ಎಂಬುದನ್ನು ಯಂತ್ರವು ಊಹಿಸುವಂತಾದರೆ ವ್ಯಾಪಾರ ನಡೆಯುವುದು ಹೇಗೆ? ಈ ನಿಷ್ಠುರತೆಯು ವ್ಯವಹಾರಕ್ಕೆ ಭೂಷಣವೆಂದೇ ನಾನು ಎಣಿಸುತ್ತೇನೆ.

ಜಾವಾ ಮತ್ತು ಎಕ್ಸ್‌ಎಂಎಲ್ ಎರಡೂ ಕೂಡಿ ಹೇಗೆ ನಡೆಯುತ್ತವೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಸನ್ ಸಂಸ್ಥೆಯವರು ಕಲಿಯುವವರ ಮಾದರಿಗೆಂದು ಜಾವಾ ಪೆಟ್ ಸ್ಟೋರ್ ಎಂಬ ಅಂಗಡಿಯೊಂದನ್ನು ರಚಿಸಿ, ಅದರ ಸಮಸ್ತ ಮೂಲಪಾಠವನ್ನೂ ಬಹಿರಂಗವಾಗಿ ಕೊಟ್ಟರು. ಮೀನು, ನಾಯಿ, ಬೆಕ್ಕು, ಪಕ್ಷಿ, ಸರೀಸೃಪ, ಹೀಗೆ ಸಾಕುಪ್ರಾಣಿಗಳನ್ನು ಮಾರುವ ಕಲ್ಪಿತ ಅಂಗಡಿ ಅದು; ಈ ಶತಮಾನದ ಮೊದಲ ವರ್ಷಗಳಲ್ಲಿ ಜಾವಾ ಕಲಿತ ಬೆಂಗಳೂರಿನ ಎಷ್ಟೋ ಮಂದಿ ಎಂಜಿನಿಯರುಗಳು ಅದರ ಪುಟಗಳನ್ನು ತಿರುವಿಯೇ ಕಲಿತವರು. ಅದರ ಬೆಳೆದ ಆವೃತ್ತಿಯಲ್ಲಿ ಅಂಗಡಿಯ ಮುಂಭಾಗ, ಆರ್ಡರುಗಳನ್ನು ಪರಿಶೀಲಿಸುವ ಕೇಂದ್ರ, ಸರಬರಾಜುದಾರರ ಉಗ್ರಾಣ, ಇವು ಮೂರೂ ಬೇರೆ ಬೇರೆ ಕಾರ್ಯಕ್ರಮಗಳಾಗಿದ್ದುವು. ಗ್ರಾಹಕರು ಕಾರ್ಟನ್ನು ಅಂತಿಮಗೊಳಿಸಿದೊಡನೆ ಮುಂಭಾಗವು ಅವರ ಹೆಸರು, ವಿಳಾಸ, ಸರಕು, ಪ್ರಮಾಣ, ಬೆಲೆಗಳನ್ನು ಒಂದು ಎಕ್ಸ್‌ಎಂಎಲ್ ದಸ್ತಾವೇಜಾಗಿ ಬರೆದು ಸಂದೇಶಗಳ ಸರದಿಯಲ್ಲಿ ಇಟ್ಟು, ಗ್ರಾಹಕರಿಗೆ ಆರ್ಡರು ತಲುಪಿತೆಂದು ತಿಳಿಸಿ, ತನ್ನ ಕೆಲಸಕ್ಕೆ ಮರಳುತ್ತಿತ್ತು. ಕೇಂದ್ರವು ತನಗೆ ಅನುವಾದಾಗ ಅದನ್ನು ಎತ್ತಿಕೊಂಡು, ಸಣ್ಣ ಮೊತ್ತದವುಗಳನ್ನು ತಾನೇ ಅಂಗೀಕರಿಸಿ, ದೊಡ್ಡ ಮೊತ್ತದವುಗಳನ್ನು ಮೇಲ್ವಿಚಾರಕರ ಒಪ್ಪಿಗೆಗೆ ನಿಲ್ಲಿಸಿ, ಅಂಗೀಕೃತವಾದವುಗಳಿಗೆ ಉಗ್ರಾಣಕ್ಕೆ ಮತ್ತೊಂದು ಎಕ್ಸ್‌ಎಂಎಲ್ ಆದೇಶವನ್ನು ಕಳುಹಿಸುತ್ತಿತ್ತು. ಉಗ್ರಾಣದ ಕಂಪ್ಯೂಟರು ಆ ಹೊತ್ತು ನಿಂತಿದ್ದರೂ ಆದೇಶವು ಸರದಿಯಲ್ಲಿ ಕಾದಿರುತ್ತಿತ್ತೇ ಹೊರತು ಕಳೆದುಹೋಗುತ್ತಿರಲಿಲ್ಲ. ಒಂದು ಕಡೆ ಜಾವಾ ಇರಲಿ, ಇನ್ನೊಂದು ಕಡೆ ಬೇರೆ ಯಾವುದೇ ಭಾಷೆಯ ಕಾರ್ಯಕ್ರಮವಿರಲಿ, ನಡುವಣ ದಸ್ತಾವೇಜು ಎರಡಕ್ಕೂ ಅರ್ಥವಾಗುವಂಥದು. ಎಕ್ಸ್‌ಎಂಎಲ್‌ನ ನಿಜವಾದ ಪ್ರಯೋಜನವು ಇಲ್ಲಿದೆ.

2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಇದೇ ಅಂಗಡಿಯನ್ನು ತಮ್ಮ ಡಾಟ್‌ನೆಟ್ ವ್ಯವಸ್ಥೆಯಲ್ಲಿ ಬರೆದು, ತಮ್ಮದು ಚಿಕ್ಕದೆಂದೂ ವೇಗವುಳ್ಳದೆಂದೂ ಸಾರಿದಾಗ ದೊಡ್ಡ ವಾದವೇ ನಡೆಯಿತು. ಬೋಧನೆಗೆಂದು ಬರೆದ ಮಾದರಿಯನ್ನು ವೇಗದ ಪಂದ್ಯಕ್ಕೆ ನಿಲ್ಲಿಸುವುದು ಉಚಿತವಾಗಿರಲಿಲ್ಲವೆಂದು ನನಗೆ ತೋರುತ್ತದೆ. ಆದರೆ ಜಾವಾ ಪಕ್ಷದವರಲ್ಲಿ ಆ ಕಾಲದಲ್ಲಿ ಒಂದು ಅತಿರೇಕ ಬೆಳೆದಿತ್ತೆಂಬುದನ್ನೂ ಒಪ್ಪಬೇಕು. ಎಕ್ಸ್‌ಎಂಎಲ್‌ನಲ್ಲಿ ಏನನ್ನಾದರೂ ಬರೆಯಬಹುದೆಂದು ಕಂಡುಕೊಂಡವರು ಎಲ್ಲವನ್ನೂ ಅದರಲ್ಲಿಯೇ ಬರೆಯಹೊರಟು, ಯಾವ ಪುಟದ ಅನಂತರ ಯಾವ ಪುಟ, ಯಾವ ಕ್ಲಾಸಿಗೆ ಯಾವ ಹೆಸರು, ಎಂಬುದನ್ನೆಲ್ಲ ಸಾವಿರಾರು ಸಾಲುಗಳ ಸಂಯೋಜನಾ ಕಡತಗಳಲ್ಲಿ ತುಂಬಿಸಿದರು. ಜಾವಾ ಕಂಪೈಲರು ಹಿಡಿಯಬಹುದಾಗಿದ್ದ ತಪ್ಪುಗಳು ಅದರ ಕಣ್ಣಿಗೆ ಬೀಳದ ಸ್ಥಳಕ್ಕೆ ಹೋಗಿ ಅಡಗಿದುವು. ಅಂಗಡಿಯಿಂದ ಹೊರಗೆ ಹೋಗುವ ಕಾಗದಪತ್ರಗಳಿಗೂ, ಹೊರಗಿನಿಂದ ಬರುವ ಸರಕುಪಟ್ಟಿಗಳಿಗೂ ಎಕ್ಸ್‌ಎಂಎಲ್ ಒಪ್ಪುತ್ತದೆ. ಅಂಗಡಿಯೊಳಗಿನ ವಿಚಾರಕ್ಕೆ ಜಾವಾ ಸಾಕು.

ಇಂಥ ಪಟ್ಟಿಯನ್ನು ಓದುವ ಮುಖ್ಯ ಬಗೆಗಳು ಎರಡು. ಇಡೀ ದಸ್ತಾವೇಜನ್ನು ಸ್ಮೃತಿಯೊಳಗೆ ವೃಕ್ಷಾಕಾರವಾಗಿ ರಚಿಸಿಕೊಂಡು ಬೇಕಾದ ಕಡೆ ಹುಡುಕುವ ಡಾಮ್ ಒಂದು. ಆದಿಯಿಂದ ಅಂತ್ಯದವರೆಗೆ ಒಮ್ಮೆ ಓದುತ್ತ ಹೋಗಿ, ಗುರುತು ಕಂಡಂತೆಲ್ಲ ನಮ್ಮ ಕಾರ್ಯಕ್ರಮಕ್ಕೆ ತಿಳಿಸುವ ಸ್ಯಾಕ್ಸ್ ಇನ್ನೊಂದು. ಒಂದು ಆರ್ಡರನ್ನು ಓದಲು ಮೊದಲನೆಯದು ಹಿತ, ಲಕ್ಷ ಸರಕುಗಳ ಪಟ್ಟಿಗೆ ಎರಡನೆಯದೇ ಗತಿ.

ಹಣದ ಲೆಕ್ಕಕ್ಕೆ ಬರೋಣ. ಜಾವಾ ಭಾಷೆಯಲ್ಲಿ ದಶಾಂಶ ಸಂಖ್ಯೆಗಳಿಗೆಂದು ಡಬಲ್ ಎಂಬ ಬಗೆಯಿದೆ. ಕಲಿಯುವವರೆಲ್ಲರೂ ಬೆಲೆಯನ್ನು ಮೊದಲು ಅದರಲ್ಲಿಯೇ ಇಡುತ್ತಾರೆ. ಆದರೆ ಕಂಪ್ಯೂಟರು ಎರಡರ ಮೂಲದಲ್ಲಿ ಎಣಿಸುವಂಥದಾದ್ದರಿಂದ, ಮೂರರಿಂದ ಒಂದನ್ನು ಭಾಗಿಸಿದಾಗ ನಮ್ಮ ದಶಮಾನದಲ್ಲಿ ಕೊನೆಯಿಲ್ಲದ ಭಿನ್ನರಾಶಿ ಬರುವ ಹಾಗೆ, ಹತ್ತನೆಯ ಒಂದು ಭಾಗವನ್ನು ಅದು ಎಂದೂ ಪೂರ್ಣವಾಗಿ ಬರೆಯಲಾರದು. 0.1 ಮತ್ತು 0.2 ಇವೆರಡನ್ನು ಡಬಲ್ ರೂಪದಲ್ಲಿ ಕೂಡಿಸಿ ಮುದ್ರಿಸಿ ನೋಡಿ, 0.30000000000000004 ಎಂಬ ಉತ್ತರ ಬರುತ್ತದೆ. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಸೇರಿದರೆ ಮೂವತ್ತು ಪೈಸೆಯಾಗದ ಅಂಗಡಿಯಲ್ಲಿ ದಿನದ ಕೊನೆಗೆ ಲೆಕ್ಕ ತಾಳೆಯಾಗುವುದು ಹೇಗೆ? ಹಣಕ್ಕೆ ಬಿಗ್‌ಡೆಸಿಮಲ್ ಎಂಬ ಬಗೆಯನ್ನೇ ಬಳಸತಕ್ಕದ್ದು. ಅದಕ್ಕೆ ಬೆಲೆಯನ್ನು ಕೊಡುವಾಗಲೂ ಡಬಲ್ ಆಗಿ ಕೊಡದೆ ಅಕ್ಷರರೂಪದಲ್ಲಿ ಕೊಡಬೇಕು, ಇಲ್ಲದಿದ್ದರೆ ಕೆಟ್ಟ ಸಂಖ್ಯೆಯನ್ನೇ ಅದು ನಿಷ್ಠೆಯಿಂದ ಕಾಪಾಡಿಕೊಂಡು ಬರುತ್ತದೆ. ಎಕ್ಸ್‌ಎಂಎಲ್ ದಸ್ತಾವೇಜಿನಲ್ಲಿ ಬೆಲೆಯು ಹೇಗೂ ಅಕ್ಷರರೂಪದಲ್ಲಿಯೇ ಇರುವುದರಿಂದ ಅಲ್ಲಿಂದ ನೇರವಾಗಿ ಬಿಗ್‌ಡೆಸಿಮಲ್‌ಗೆ ಬರುವುದು ಸುಲಭ. ತೆರಿಗೆಯ ದರಗಳನ್ನು ಕಾರ್ಯಕ್ರಮದ ಸಾಲುಗಳ ನಡುವೆ ಬರೆದಿಟ್ಟವರು 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಪಟ್ಟ ಪಾಡನ್ನು ನೆನೆದರೆ, ದರಗಳು ಡೇಟಾಬೇಸಿನ ಕೋಷ್ಟಕದಲ್ಲಿ, ಜಾರಿಗೆ ಬರುವ ತಾರೀಖಿನೊಡನೆ ಇರತಕ್ಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ದಾಸ್ತಾನಿನ ಲೆಕ್ಕ. ಅಂಗಡಿಯಲ್ಲಿ ಕೊನೆಯ ಒಂದು ಸೀರೆ ಉಳಿದಿದೆಯೆನ್ನಿ. ಹುಬ್ಬಳ್ಳಿಯಿಂದ ಒಬ್ಬರು, ಮಂಗಳೂರಿನಿಂದ ಒಬ್ಬರು ಅದೇ ಗಳಿಗೆಯಲ್ಲಿ ಅದನ್ನು ಕೊಳ್ಳಹೊರಟಿದ್ದಾರೆ. ದಾಸ್ತಾನನ್ನು ಮೊದಲು ಓದಿ, ಒಂದಿದೆಯೆಂದು ಕಂಡು, ಅನಂತರ ಅದರಿಂದ ಒಂದನ್ನು ಕಳೆದು ಬರೆಯುವಂತೆ ಕಾರ್ಯಕ್ರಮವಿದ್ದರೆ, ಇಬ್ಬರೂ ಒಂದನ್ನೇ ಓದಿ, ಇಬ್ಬರಿಗೂ ಮಾರಿದಂತಾಗಿ, ಇಬ್ಬರ ಹಣವನ್ನೂ ತೆಗೆದುಕೊಂಡ ಅಂಗಡಿಯು ಒಬ್ಬರಿಗೆ ಸುಳ್ಳು ಹೇಳಿದಂತಾಗುತ್ತದೆ. ಆದ್ದರಿಂದ ದಾಸ್ತಾನು ಒಂದಕ್ಕೆ ಕಡಿಮೆಯಿಲ್ಲದಿದ್ದರೆ ಮಾತ್ರ ಒಂದನ್ನು ಕಳೆ ಎಂದು ಡೇಟಾಬೇಸಿಗೆ ಒಂದೇ ವಾಕ್ಯದಲ್ಲಿ ಆಜ್ಞಾಪಿಸಿ, ಎಷ್ಟು ಸಾಲು ಬದಲಾಯಿತೆಂದು ಕೇಳಬೇಕು. ಒಂದೂ ಬದಲಾಗಲಿಲ್ಲವೆಂದರೆ ಸರಕು ಮುಗಿಯಿತೆಂದು ಗ್ರಾಹಕರಿಗೆ ವಿನಯದಿಂದ ತಿಳಿಸಬೇಕು. ದಾಸ್ತಾನು ಕಳೆಯುವುದು, ಆರ್ಡರು ಬರೆಯುವುದು, ಬಿಲ್ಲು ಬರೆಯುವುದು, ಇವೆಲ್ಲವೂ ಒಂದೇ ಟ್ರಾನ್ಸಾಕ್ಷನ್ನಿನೊಳಗೆ ಇರತಕ್ಕದ್ದು. ಆಗುವುದಾದರೆ ಎಲ್ಲವೂ ಆಗಬೇಕು, ಇಲ್ಲವಾದರೆ ಒಂದೂ ಆಗಬಾರದು. ಈ ತತ್ತ್ವಕ್ಕೆ ಶಾಸ್ತ್ರೀಯವಾದ ನೆಲೆಯನ್ನು ಒದಗಿಸಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಹಣ ಪಾವತಿಯಾದರೋ ನಮ್ಮ ಡೇಟಾಬೇಸಿನ ಹೊರಗೆ, ಬ್ಯಾಂಕಿನ ಕಡೆ ನಡೆಯುವಂಥದು. ಅಲ್ಲಿ ಹಣ ಜಮೆಯಾಗಿ, ಉತ್ತರವು ನಮಗೆ ತಲುಪುವ ಮೊದಲೇ ಸಂಪರ್ಕ ಕಡಿದರೆ? ಗ್ರಾಹಕರು ಕಂಗೆಟ್ಟು ಗುಂಡಿಯನ್ನು ಎರಡನೆಯ ಸಲ ಒತ್ತಿದರೆ? ಪಾವತಿಗೆ ಹೋಗುವ ಮುನ್ನವೇ ಆರ್ಡರಿಗೆ ಒಂದು ಸಂಖ್ಯೆಯನ್ನು ಕೊಟ್ಟು ಬರೆದಿಟ್ಟು, ಪುನಃ ಯತ್ನಿಸುವಾಗಲೂ ಅದೇ ಸಂಖ್ಯೆಯನ್ನೇ ಕಳುಹಿಸಿ, ಈ ಸಂಖ್ಯೆಯ ಹಣ ಈಗಾಗಲೇ ಸಂದಿದೆಯೇ ಎಂದು ಬ್ಯಾಂಕಿನ ಕಡೆಯವರನ್ನೇ ವಿಚಾರಿಸಿ ಮುಂದುವರಿಯುವ ಅಂಗಡಿಯಲ್ಲಿ ಒಂದೇ ಸರಕಿಗೆ ಎರಡು ಸಲ ಹಣ ಕಳೆಯುವ ಅನ್ಯಾಯಕ್ಕೆ ಎಡೆಯಿರುವುದಿಲ್ಲ.

ಬ್ರೌಸರಿನಿಂದ ಬಂದ ಯಾವ ಮಾತನ್ನೂ ಪರೀಕ್ಷಿಸದೆ ನಂಬಬಾರದೆಂಬುದು ಇನ್ನೊಂದು ಕಟ್ಟಳೆ. ಆರಂಭದ ವರ್ಷಗಳ ಕೆಲವು ಅಂಗಡಿಗಳಲ್ಲಿ ಸರಕಿನ ಬೆಲೆಯನ್ನು ಪುಟದೊಳಗೆ ಗುಪ್ತವಾಗಿ ಬರೆದಿಟ್ಟು, ಆರ್ಡರಿನೊಡನೆ ಅದು ಮರಳಿ ಬಂದಾಗ ಅದನ್ನೇ ಬಿಲ್ಲಿಗೆ ಹಾಕುತ್ತಿದ್ದರು. ಪುಟವನ್ನು ತನ್ನ ಕಂಪ್ಯೂಟರಿನಲ್ಲಿ ತಿದ್ದಬಲ್ಲ ಯಾವನೊಬ್ಬನು ಸಾವಿರದ ಸರಕನ್ನು ಹತ್ತು ರೂಪಾಯಿಗೆ ಕೊಂಡುಕೊಳ್ಳಲು ಅದರಿಂದ ದಾರಿಯಾಗಿತ್ತು. ಗ್ರಾಹಕರಿಂದ ತಿಳಿಯಬೇಕಾದುದು ಯಾವ ಸರಕು, ಎಷ್ಟು ಎಂಬೆರಡು ಮಾತ್ರ. ಬೆಲೆಯನ್ನು ಸರ್ವರು ತನ್ನ ಪಟ್ಟಿಯಿಂದಲೇ ತೆಗೆಯಬೇಕು. ಕಾರ್ಡಿನ ಸಂಖ್ಯೆಯನ್ನಂತೂ ಅಂಗಡಿಯವರು ಇಟ್ಟುಕೊಳ್ಳಲೇಬಾರದು. 2022ರ ಅಕ್ಟೋಬರಿನಿಂದ ನಮ್ಮ ರಿಸರ್ವ್ ಬ್ಯಾಂಕು ಇದನ್ನು ನಿಯಮವಾಗಿಯೇ ವಿಧಿಸಿದೆ.

ಸಿದ್ಧಪಡಿಸಿದ ಅಂಗಡಿಯೇ ತಿಂಗಳ ಬಾಡಿಗೆಗೆ ದೊರೆಯುವ ಈ ಕಾಲದಲ್ಲಿ ಇಷ್ಟನ್ನೆಲ್ಲ ಕಲಿಯುವುದೇಕೆಂದು ಕೆಲವರು ಕೇಳಬಹುದು. ಮಾರುವುದಷ್ಟೇ ಉದ್ದೇಶವಾದವರಿಗೆ ಬಾಡಿಗೆಯ ಅಂಗಡಿ ಸಾಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ 1999ರಲ್ಲಿ ಫ್ಯಾಬ್‌ಮಾರ್ಟ್ ಎಂಬ ಜಾಲದಂಗಡಿ ಬೆಂಗಳೂರಿನಲ್ಲಿ ಆರಂಭವಾದಾಗಲೂ, 2007ರಲ್ಲಿ ಅದೇ ನಗರದಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕಗಳ ಮಾರಾಟದಿಂದ ಮೊದಲಾಗಿ, 2010ರಲ್ಲಿ ಸರಕು ಕೈಸೇರಿದ ಮೇಲೆ ಹಣ ಪಡೆಯುವ ಪದ್ಧತಿಯನ್ನು ತಂದು ಬೆಳೆದಾಗಲೂ, ನಮ್ಮ ಜನರ ಕೊಳ್ಳುವ ರೀತಿಗೆ ಹೊಂದುವಂತೆ ಕಾರ್ಯಕ್ರಮವನ್ನು ತಿದ್ದಬಲ್ಲ ಎಂಜಿನಿಯರುಗಳು ಬೇಕಾದರು. ಹಣ ಬರುವ ಮೊದಲೇ ಸರಕನ್ನು ಕಳುಹಿಸಿ, ತಿರಸ್ಕೃತವಾದದ್ದನ್ನು ಮತ್ತೆ ದಾಸ್ತಾನಿಗೆ ಸೇರಿಸಿಕೊಳ್ಳುವ ಲೆಕ್ಕವು ಪರದೇಶದ ಪುಸ್ತಕಗಳಲ್ಲಿ ಸಿದ್ಧವಾಗಿ ಸಿಕ್ಕುವಂಥದಲ್ಲ.

ಕಲಿಯಲು ತೊಡಗುವವರಿಗೆ ಒಂದು ಕೆಲಸವನ್ನು ಸೂಚಿಸಿ ಮುಗಿಸುತ್ತೇನೆ. ಮೊದಲ ಅಂಗಡಿಯನ್ನು ಕನ್ನಡದಲ್ಲಿಯೇ ಕಟ್ಟಿರಿ. ಸರಕುಗಳ ಪಟ್ಟಿ ಕನ್ನಡದಲ್ಲಿರಲಿ, ಗ್ರಾಹಕರು ತಮ್ಮ ವಿಳಾಸವನ್ನು ಕನ್ನಡದಲ್ಲಿ ಬರೆಯಲಿ. ಆಗ ಒಂದು ತೊಡಕು ಎದುರಾಗುತ್ತದೆ: ಎಕ್ಸ್‌ಎಂಎಲ್ ಕಡತದಲ್ಲಿ ಸರಿಯಾಗಿದ್ದ ಕನ್ನಡವು ಆರ್ಡರಿನಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿಯೋ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಯೋ ಮಾರ್ಪಡುವುದುಂಟು. ಗ್ರಾಹಕರು ತುಂಬಿ ಕಳುಹಿಸಿದ ಅಕ್ಷರಗಳನ್ನು ಹಳೆಯ ಸರ್ವ್‌ಲೆಟ್ ನಿಯಮವು ಪಶ್ಚಿಮ ಯೂರೋಪಿನ ಲಿಪಿಸಂಕೇತವೆಂದು ಭಾವಿಸುತ್ತದೆ. ಆದ್ದರಿಂದ ಎಕ್ಸ್‌ಎಂಎಲ್ ಕಡತದ ಮೊದಲ ಸಾಲಿನಲ್ಲಿ, ಪುಟದ ತಲೆಯಲ್ಲಿ, ಡೇಟಾಬೇಸಿನ ಕೋಷ್ಟಕದಲ್ಲಿ, ಮತ್ತು ಕೋರಿಕೆಯಿಂದ ಮೊದಲ ಅಕ್ಷರವನ್ನು ಓದುವುದಕ್ಕೆ ಮುಂಚೆಯೇ ಸರ್ವ್‌ಲೆಟ್ಟಿನಲ್ಲಿ, ಹೀಗೆ ನಾಲ್ಕು ಕಡೆಯೂ ಯುನಿಕೋಡಿನ ಯುಟಿಎಫ್-8 ಸಂಕೇತವೆಂದು ವಿಧಿಸಬೇಕು. ಒಂದು ಕಡೆ ತಪ್ಪಿದರೂ ವಿಳಾಸ ಕೆಡಬಹುದು. ಶ್ರೀರಂಗಪಟ್ಟಣ ಎಂಬ ಒತ್ತಕ್ಷರಗಳುಳ್ಳ ಹೆಸರನ್ನೇ ಪರೀಕ್ಷೆಗೆ ಆರಿಸಿಕೊಂಡು, ಎರಡು ಬ್ರೌಸರುಗಳಿಂದ ಒಂದೇ ಕಾಲಕ್ಕೆ ಆರ್ಡರು ಕಳುಹಿಸಿ, ಪಾರ್ಸೆಲ್ಲಿನ ಮೇಲೆ ಅಂಟಿಸುವ ಚೀಟಿಯನ್ನು ಮುದ್ರಿಸಿ, ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ.